ಪೂಜೆ ಆಯ್ತಾ ಬೆರ್ನಮ್ಮ

ಮಧುರೆ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು
6 ನವೆಂಬರ್ 2023

ಪಿಲೋಮಿ,

ಲಕೋಟೆ ಮೇಲೆ ಸಿಸ್ಟರ್ ಮರಿಯ ನಿರ್ಮಲ ಅಂತಲೇ ಬರ್ದಿದೀನಿ, ನಿಮ್ಮ ಮಠದವರು ಬೇಜಾರು ಮಾಡ್ಕೋಬಾರ್ದು ಅಂತ. ಒಳಗಡೆ ಮಾತ್ರ ನೀನು ನನ್ ತಂಗಿ ಪಿಲೋಮಿನೇ. ಈ ಕಾಲದಲ್ಲಿ ಕಾಗದ ಬರೆಯೋರು ನೀವೊಬ್ರೇ ಕಣಮ್ಮ ಅಂತ ಪೋಸ್ಟಾಫೀಸಿನ ಆದಿನಾರಾಯಣಪ್ಪ ನಗ್ತಾರೆ. ಏನ್ ಮಾಡೋದು, ನಿಮ್ಮ ಗೋಡೆಯೊಳಗೆ ಫೋನು ಬರಂಗಿಲ್ಲ, ವರ್ಷಕ್ಕೊಂದು ಸಲ ಕಂಬಿ ಆಚೆಯಿಂದ ಮುಖ ನೋಡಿದ್ರೆ ಅದೇ ದೊಡ್ಡದು.

ಕೀರ್ತನಳ ವಿಷಯ ಮೊದ್ಲು ಹೇಳ್ಬಿಡ್ತೀನಿ, ಇಲ್ದಿದ್ರೆ ನೀನು ಅದನ್ನೇ ಹುಡುಕ್ಕೊಂಡು ಓದ್ತೀಯ. ಸತ್ತವರ ಹಬ್ಬದ ದಿನ ಅಪ್ಪನ ಸಮಾಧಿ ಹತ್ರಾನೇ ಫಿಟ್ಸ್ ಬಂತು. ಹಚ್ಚಿಟ್ಟಿದ್ದ ಮೇಣದಬತ್ತಿ ಸಾಲಿನ ಮೇಲೆ ಬೀಳೋಳು, ಇವರು ಹಿಡ್ಕೊಂಡ್ರು. ಡಾಕ್ಟ್ರದ್ದು ಅದೇ ಮಾತು, ಮಾತ್ರೆ ತಪ್ಪಿಸ್ಬೇಡಿ, ಒಲೆ ಹತ್ರ ನೀರಿನ ಹತ್ರ ಒಬ್ಳನ್ನೇ ಬಿಡ್ಬೇಡಿ. ಹದಿನೇಳು ವರ್ಷದ ಹುಡುಗಿ ಸ್ನಾನಕ್ಕೆ ಹೋದ್ರೆ ನಾನು ಬಾಗಿಲಾಚೆ ನಿಂತು ಮಾತಾಡಿಸ್ತಾನೇ ಇರ್ತೀನಿ. ಅವಳಿಗೆ ನಾಚಿಕೆ. "ಅಮ್ಮ, ನೀನು ಆ ಕಡೆ ಹೋಗು, ನಾನು ಹಾಡು ಹೇಳ್ತಿರ್ತೀನಿ, ಹಾಡು ನಿಂತ್ರೆ ಬಾ" ಅಂತಾಳೆ. ಈಗ ಮನೆಯಲ್ಲಿ ಅದೇ ನಡೀತಿದೆ. ನಾನು ಮಿಷನ್ ಮೇಲೆ ಬ್ಲೌಸ್ ಹೊಲೀತಾ ಕಿವಿ ಬಚ್ಚಲ ಕಡೆ ಇಟ್ಟಿರ್ತೀನಿ.

ಇನ್ನು ಚರ್ಚಿನ ಸುದ್ದಿ. ಹೊಸದಾಗಿ ಬಂದಿರೋ ಫಾದರ್ ಚೌರಿರಾಜ್ ಚಿಕ್ಕ ವಯಸ್ಸಿನೋರು, ಉತ್ಸಾಹ ಜಾಸ್ತಿ. ಗುರುವಾರ ಮಧ್ಯಾಹ್ನದಿಂದ ಸಾಯಂಕಾಲದ ತನಕ ಪರಮ ಪ್ರಸಾದದ ಆರಾಧನೆ ಅಂತ ಶುರು ಮಾಡಿದಾರೆ. ಸೂರ್ಯನ ಕಿರಣ ಇರೋ ಆ ಪಾತ್ರೆಯಲ್ಲಿ ಪರಮ ಪ್ರಸಾದದ ಬಿಳಿ ರೊಟ್ಟಿ ಇಟ್ಟು ಪೀಠದ ಮೇಲಿಡ್ತಾರೆ, ಒಬ್ಬೊಬ್ರು ಒಂದೊಂದು ಗಂಟೆ ಮುಂದೆ ಕೂತಿರ್ಬೇಕು. ಮೊದಲನೇ ವಾರ ನಾಕು ಜನ ಬಂದ್ರು. ಅದ್ರಲ್ಲಿ ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಅಂತೋಣಪ್ಪ ಶಿಫ್ಟ್ ಮುಗಿಸ್ಕೊಂಡು ಬಂದು ಗೊರಕೆ ಹೊಡೆದ. ಯೇಸುಸ್ವಾಮಿಗೂ ನಗು ಬಂದಿರುತ್ತೆ.

ನೀವು ಅಲ್ಲಿ ಹಗಲೂ ರಾತ್ರಿ ಇದನ್ನೇ ಮಾಡ್ತೀರಲ್ಲ. ಸುಮ್ನೆ ನೋಡ್ತಾ ಕೂತ್ರೆ ಏನಾಗುತ್ತೆ ಅಂತ ಬಿಡಿಸಿ ಬರಿ.

ನಿನ್ ಅಕ್ಕ,
ಬೆರ್ನದಮ್ಮ


ಆರಾಧನಾ ಮಠ, ಕೊಳ್ಳೇಗಾಲದ ಹತ್ತಿರ
24 ನವೆಂಬರ್ 2023

ಯೇಸುವಿನಲ್ಲಿ ಪ್ರಿಯ ಅಕ್ಕ,

ನಿಮ್ಮ ಪತ್ರ ತಲುಪಿತು. ಮುಂದಿನ ವಾರ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಆರಂಭವಾಗುತ್ತದೆ. ಆಗಮನ ಕಾಲದಲ್ಲೂ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲೂ ನಮ್ಮ ಮಠದಿಂದ ಪತ್ರ ಹೊರಡುವುದಿಲ್ಲ, ಬಂದದ್ದನ್ನು ನಮಗೆ ಕೊಡುವುದೂ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಬೇಗನೆ ಬರೆಯುತ್ತಿದ್ದೇನೆ.

ನಿಮ್ಮ ಧರ್ಮಕೇಂದ್ರದಲ್ಲಿ ಆರಾಧನೆ ಆರಂಭವಾದದ್ದನ್ನು ಓದಿ ನನಗಾದ ಸಂತೋಷ ಹೇಳತೀರದು. ಅದರ ಬಗ್ಗೆ ಹಾಸ್ಯ ಮಾಡಬೇಡಿ ಅಕ್ಕ. ಸುಮ್ಮನೆ ನೋಡುತ್ತಾ ಕೂತರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಕೀರ್ತನ ಹುಟ್ಟಿದಾಗ ನೀವು ತೊಟ್ಟಿಲ ಪಕ್ಕ ಏನೂ ಮಾಡದೆ ಕೂತಿರುತ್ತಿದ್ದಿರಿ. ಅವ್ವ ಬೈದರೂ ಏಳುತ್ತಿರಲಿಲ್ಲ. ಇದೂ ಅಷ್ಟೇ. ಇಲ್ಲಿ ಪ್ರಭು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುತ್ತೇವೆ.

ನೀವು ಒಂದು ಗಂಟೆ ತೆಗೆದುಕೊಳ್ಳಿ. ಪ್ರತಿ ಗುರುವಾರ ತಪ್ಪದೆ ಹೋಗಿ. ಅದನ್ನು ಕೀರ್ತನಳಿಗಾಗಿ ಒಪ್ಪಿಸಿ. ಪ್ರಭುವಿಗೆ ನಾವು ಕೊಟ್ಟ ಗಂಟೆಯಲ್ಲಿ ನಮ್ಮ ಮನೆಯನ್ನು ಅವರು ನೋಡಿಕೊಳ್ಳುತ್ತಾರೆ. ಇದನ್ನು ನಾನು ನಂಬಿದ್ದೇನೆ, ನೀವೂ ನಂಬಿ.

ನನ್ನ ಆರೋಗ್ಯ ಚೆನ್ನಾಗಿದೆ. ಭಾವನವರಿಗೆ ನನ್ನ ನಮಸ್ಕಾರ. ಕೀರ್ತನಳಿಗೆ ಚಿಕ್ಕಮ್ಮನ ಮುತ್ತು.

ಪ್ರಭುವಿನ ಸೇವೆಯಲ್ಲಿ,
ಸಿ. ಮರಿಯ ನಿರ್ಮಲ


ಮಧುರೆ ಹೋಬಳಿ
8 ಜನವರಿ 2024

ಪಿಲೋಮಿ,

ನೀನು ಗೆದ್ದೆ ಕಣೇ. ಗುರುವಾರ ಒಂದು ಗಂಟೆ ತಗೊಂಡಿದೀನಿ, ಸಾಯಂಕಾಲದ್ದು. ನನ್ ಹಿಂದೆ ಅಂತೋಣಪ್ಪಂದು. ಅವನು ಬಂದು ಮಂಡಿಯೂರಿದ ಮೇಲೇನೇ ನಾನು ಏಳೋದು. ಮೊದಮೊದ್ಲು ಕಾಲು ಜೋಮು ಹಿಡೀತು, ಮನಸ್ಸೆಲ್ಲ ಹೊಲಿಗೆ ಬಟ್ಟೆ ಮೇಲೆ. ಈಗ ಹಂಗಿಲ್ಲ. ಹೆಂಗೆ ಅಂತ ಹೇಳಕ್ಕೆ ಬರಲ್ಲ. ಆ ಒಂದು ಗಂಟೆ ನನ್ ಕಿವಿ ಬಚ್ಚಲ ಕಡೆ ಇರಲ್ಲ, ಅಷ್ಟು ಹೇಳಬಲ್ಲೆ. ಎಷ್ಟು ವರ್ಷ ಆಗಿತ್ತು ಹಂಗೆ ಕೂತು.

ಇನ್ನೊಂದು ಹೇಳ್ತೀನಿ, ದೃಷ್ಟಿ ಆಗ್ದಿರ್ಲಿ. ನಾನು ಕೂರಕ್ಕೆ ಶುರು ಮಾಡಿದ ಮೇಲೆ ಮಗೂಗೆ ಒಂದ್ಸಲಾನೂ ಫಿಟ್ಸ್ ಬಂದಿಲ್ಲ. ಕ್ರಿಸ್‌ಮಸ್ ದಿನ ಚರ್ಚಿನ ಬಲಿಪೂಜೆಯಲ್ಲಿ ಅವಳೇ ಹಾಡಿದ್ಲು.

ಗುರುವಾರ ಅವಳ ಜೊತೆ ಇರೋದು ಪಕ್ಕದ ಮನೆ ಮುನಿಗಂಗಮ್ಮ. ನಿಂಗೆ ನೆನಪಿದ್ಯಲ್ಲ, ನಮ್ಮನೆಗೆ ಬಂದ್ರೂ ಹೊಸ್ತಿಲಾಚೆ ನಿಂತು ಒಂದು ಕೆಮ್ಮು ಕೆಮ್ಮಿನೇ ಒಳಗೆ ಬರೋಳು. ಹಸು ಕಟ್ಟಿದಾಳೆ, ಸಾಯಂಕಾಲ ಡೇರಿಗೆ ಹಾಲು ಹಾಕ್ಬೇಕು, ಅಷ್ಟರೊಳಗೆ ನಾನು ಬಂದ್ಬಿಡ್ತೀನಿ. ನೀವು ಅಲ್ಲಿ ಏನು ಮಾಡ್ತೀರಿ ಅಂತ ಕೇಳಿದ್ಲು. ಅವಳಿಗೆ ತಿಳಿಯೋ ಹಂಗೆ ಹೇಳ್ದೆ, ನಿಮ್ಮಲ್ಲಿ ಮಂಗಳಾರತಿ ಆಗೋ ತನಕ ಯಾರೂ ಮಧ್ಯದಲ್ಲಿ ಏಳಲ್ವಲ್ಲ, ಇದೂ ಹಂಗೇ, ಅದಕ್ಕಿಂತ ಒಂದು ಕೈ ಜಾಸ್ತಿ ಅಂತ. ಕೈ ಮುಗಿದು ಕೆನ್ನೆ ಬಡ್ಕೊಂಡ್ಲು. ಒಳ್ಳೆ ಹೆಂಗಸು.

ಹೋದ ವಾರ ಒಂದು ರಗಳೆ ಆಯ್ತು. ಇವರು ಬೀರು ಬೀಗದ ಕೈ ಕೇಳ್ಕೊಂಡು ಚರ್ಚ್ ಬಾಗಿಲಿಗೆ ಬಂದ್ರು. ನಾನು ಎದ್ದು ಹೋಗಿ ಕೊಟ್ಟು ಬಂದೆ. ಒಳಗೆ ಬೇರೆ ಯಾರೂ ಇರ್ಲಿಲ್ಲ. ಫಾದರ್ ನೋಡ್ಬಿಟ್ಟು ಆಮೇಲೆ ಕರೆದು, ಪರಮ ಪ್ರಸಾದದಲ್ಲಿ ಸ್ವಾಮಿನೇ ಇರೋದು, ಒಂಟಿಯಾಗಿ ಬಿಡಬಾರದಮ್ಮ ಅಂದ್ರು. ಬಯ್ಯಲಿಲ್ಲ, ಆದ್ರೂ ನಂಗೆ ಬೇಜಾರಾಯ್ತು. ಒಂದು ಬೀಗದ ಕೈಗೆ ಇಷ್ಟಾ? ಮನೆ ಇರೋಳನ್ನ ಯಾರಾದ್ರೂ ಕರೀತಾನೇ ಇರ್ತಾರೆ. ನೀನೇ ಹೇಳು, ಏಳಬೇಕಾ ಬೇಡ್ವಾ?

ಬೆರ್ನದಮ್ಮ


ಆರಾಧನಾ ಮಠ
2 ಫೆಬ್ರವರಿ 2024

ಯೇಸುವಿನಲ್ಲಿ ಪ್ರಿಯ ಅಕ್ಕ,

ನಿಮ್ಮ ಪತ್ರವನ್ನು ನಮ್ಮ ಮಠದ ಮುಖ್ಯಸ್ಥೆ ಅಮ್ಮನವರಿಗೂ ಓದಿ ಹೇಳಿದೆ. ಇಲ್ಲಿನ ಸಹೋದರಿಯರೆಲ್ಲ ಕೀರ್ತನಳಿಗಾಗಿ ದೇವರಿಗೆ ಸ್ತೋತ್ರ ಹೇಳಿದರು. ನೋಡಿದಿರಾ, ಪ್ರಭು ಕೊಟ್ಟ ಮಾತು ತಪ್ಪುವುದಿಲ್ಲ.

ಫಾದರ್ ಹೇಳಿದ್ದು ಸರಿ. ನಾನು ಅವರಿಗಿಂತ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಸ್ವಭಾವ ನನಗೆ ಗೊತ್ತು. ಬಲಿಪೂಜೆಯ ನಡುವೆಯೂ ಒಲೆ ಮೇಲಿಟ್ಟ ಹಾಲನ್ನು ನೆನೆಸಿಕೊಳ್ಳುವವರು ನೀವು. ನಿಮ್ಮ ಗಂಟೆಯಲ್ಲಿ ಬಾಗಿಲಿಗೆ ಯಾರೇ ಬರಲಿ, ತಿರುಗಬೇಡಿ. ಸೈತಾನ ಗದರಿಸಿ ಎಬ್ಬಿಸುವುದಿಲ್ಲ, ಮನೆಯವರ ದನಿಯಲ್ಲೇ ಕರೆಯುತ್ತಾನೆ. ಯೇಸು ಸೆರೆಯಾದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಅವರ ಶಿಷ್ಯರು ಒಂದು ಗಂಟೆ ಎಚ್ಚರವಾಗಿರಲಾರದೆ ಹೋದರು. ನೀವು ಹಾಗಾಗಬೇಡಿ. ಮುಂದಿನವರು ಬಂದು ಮಂಡಿಯೂರುವವರೆಗೆ ಆ ಜಾಗ ನಿಮ್ಮದು.

ಹದಿನಾಲ್ಕರಂದು ವಿಭೂತಿ ಬುಧವಾರ, ತಪಸ್ಸು ಕಾಲ ಆರಂಭ. ಇನ್ನು ಪಾಸ್ಕ ಹಬ್ಬದವರೆಗೆ ನನ್ನಿಂದ ಪತ್ರವಿರುವುದಿಲ್ಲ. ಆದರೆ ಗುರುವಾರ ಸಾಯಂಕಾಲ ನನ್ನ ಸರದಿಯನ್ನೂ ಅದೇ ಹೊತ್ತಿಗೆ ಕೇಳಿಕೊಂಡಿದ್ದೇನೆ. ನೀವು ಅಲ್ಲಿ ಕೂತಾಗ ನಾನು ಇಲ್ಲಿ ಕೂತಿರುತ್ತೇನೆ.

ಸಿ. ಮರಿಯ ನಿರ್ಮಲ


ಆರಾಧನಾ ಮಠ
31 ಮಾರ್ಚ್ 2024, ಪಾಸ್ಕ ಹಬ್ಬ

ಪ್ರಿಯ ಅಕ್ಕ,

ಪ್ರಭು ಪುನರುತ್ಥಾನರಾಗಿದ್ದಾರೆ, ಅಲ್ಲೆಲೂಯ!

ಹಬ್ಬದ ಊಟ ಮುಗಿದ ಕೂಡಲೇ ಬರೆಯಲು ಕೂತಿದ್ದೇನೆ. ನಿಮ್ಮ ಪತ್ರ ಬಂದಿರಬಹುದೆಂದು ಅಮ್ಮನವರ ಹತ್ತಿರ ಕೇಳಿದೆ, ಬಂದಿಲ್ಲವಂತೆ. ತಪಸ್ಸು ಕಾಲದಲ್ಲಿ ನೀವೂ ನಮ್ಮ ಹಾಗೆ ಮೌನ ಹಿಡಿದಿರೇ? ನಿಮ್ಮಂಥ ಮಾತಿನ ಮಲ್ಲಿ ಮೌನ ಹಿಡಿಯುವುದೆಂದರೆ ಅದೂ ಒಂದು ಅದ್ಭುತ.

ಪ್ರತಿ ಗುರುವಾರ ನಿಮ್ಮನ್ನು ನೆನೆದೆ. ಎರಡನೆಯ ಗುರುವಾರ ನನ್ನ ಸರದಿ ಮುಗಿದ ಮೇಲೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಅಂಥ ಶಾಂತಿ ನನಗೆ ಈಚಿನ ವರ್ಷಗಳಲ್ಲಿ ಸಿಕ್ಕಿರಲಿಲ್ಲ. ಅದು ನಿಮ್ಮ ಪ್ರಾರ್ಥನೆಯ ಫಲವೆಂದೇ ತಿಳಿದೆ.

ಇದರೊಳಗೆ ಕೀರ್ತನಳ ಕೊರಳಿಗೆ ಪುಟ್ಟ ಬಟ್ಟೆ ಚೂರುಗಳ ಒಂದು ಉತ್ತರೀಯ ಇಟ್ಟಿದ್ದೇನೆ. ನಾನೇ ಹೊಲಿದು ಗುರುಗಳಿಂದ ಆಶೀರ್ವಾದ ಮಾಡಿಸಿದ್ದು. ಅವಳ ಕೊರಳ ಅಳತೆ ಗೊತ್ತಿಲ್ಲದೆ ದಾರ ಉದ್ದವಾಗಿಯೇ ಬಿಟ್ಟಿದ್ದೇನೆ, ಬೇಕಾದಷ್ಟಕ್ಕೆ ಗಂಟು ಹಾಕಿಕೊಳ್ಳಲಿ. ಸ್ನಾನಕ್ಕೆ ಹೋದಾಗಲೂ ತೆಗೆಯಬೇಡ ಎನ್ನಿ. ಪರೀಕ್ಷೆ ಹೇಗೆ ಬರೆದಳು? ಅವಳ ಕೈಯಲ್ಲೇ ನಾಲ್ಕು ಸಾಲು ಬರೆಸಿ ಕಳಿಸಿ.

ನಿಮ್ಮ ತಂಗಿ,
ಸಿ. ಮರಿಯ ನಿರ್ಮಲ


ಮಧುರೆ ಹೋಬಳಿ
19 ಏಪ್ರಿಲ್ 2024

ಸಿಸ್ಟರ್ ಮರಿಯ ನಿರ್ಮಲ ಅವರಿಗೆ,

ನೀವು ಕಳಿಸಿದ ಉತ್ತರೀಯ ಬಂತು. ದಾರ ಉದ್ದ ಇದೆ.

ಇಲ್ಲಿ ಬಿಸಿಲು ಜಾಸ್ತಿ. ಹೊಲಿಗೆ ಕೆಲಸ ನಿಲ್ಲಿಸಿದೀನಿ. ಇವರು ಡ್ಯೂಟಿಗೆ ಹೋಗ್ತಿದಾರೆ. ನಾನು ಈಗ ಗುರುವಾರ ಒಳಗೆ ಕೂರ್ತಾ ಇಲ್ಲ.

ಬೆರ್ನದಮ್ಮ


ಆರಾಧನಾ ಮಠ
6 ಮೇ 2024

ಪ್ರಿಯ ಅಕ್ಕ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದರೂ ಅರ್ಥವಾಗಲಿಲ್ಲ. ನನ್ನನ್ನು ನೀವು ಎಂದಾದರೂ 'ಅವರು' ಎಂದು ಕರೆದದ್ದುಂಟೇ? ಕೋಪವಿದ್ದರೆ ಬೈಯಿರಿ, ಪಿಲೋಮಿ ಎಂದೇ ಬೈಯಿರಿ.

ಗುರುವಾರ ಕೂರುತ್ತಿಲ್ಲ ಎಂದು ಓದಿ ನೋವಾಯಿತು. ನಮ್ಮಲ್ಲಿ ಬಹಳ ಜನ ಹೀಗೆಯೇ ಮಾಡುತ್ತೇವೆ. ಕೇಳಿದ್ದು ಸಿಗುವವರೆಗೆ ಮಂಡಿಯೂರುತ್ತೇವೆ, ಸಿಕ್ಕಿದ ಮೇಲೆ ಬಿಸಿಲು, ಕೆಲಸ ಎಂದು ನೆಪ ಹುಡುಕುತ್ತೇವೆ. ಮಗಳು ನೆಟ್ಟಗಾದಳೆಂದು ಪ್ರಭುವನ್ನು ಮರೆಯಬಹುದೇ? ಅಥವಾ ಮತ್ತೆ ಫಿಟ್ಸ್ ಬಂದು ಮನಸ್ಸು ಮುರಿಯಿತೇ? ಹಾಗಿದ್ದರೆ ಅದನ್ನಾದರೂ ಬರೆಯಬೇಕಿತ್ತು.

ಕೀರ್ತನ ಏಕೆ ಎರಡು ಸಾಲು ಬರೆಯಲಿಲ್ಲ? ಅವಳಿಗೂ ಚಿಕ್ಕಮ್ಮ ಬೇಡವಾದಳೇ?

ದಯಮಾಡಿ ಮತ್ತೆ ಹೋಗಿ ಕೂರಿ. ನಿಮ್ಮ ಜಾಗ ಖಾಲಿ ಬಿಡಬೇಡಿ.

ಸಿ. ಮರಿಯ ನಿರ್ಮಲ


ಮಧುರೆ ಹೋಬಳಿ
20 ಮೇ 2024

ಪಿಲೋಮಿ,

ಕೀರ್ತನ ಇಲ್ಲ ಕಣೇ. ತಪಸ್ಸು ಕಾಲದ ಎರಡನೇ ಗುರುವಾರ ಹೋಗ್ಬಿಟ್ಲು. ನಿಂಗೆ ಶಾಂತಿ ಸಿಕ್ಕಿ ಏಳಕ್ಕೆ ಮನಸ್ಸಾಗಲಿಲ್ಲ ಅಂದ್ಯಲ್ಲ, ಅದೇ ಗುರುವಾರ.

ಮಠದ ಅಮ್ಮನವರಿಗೆ ಫೋನ್ ಮಾಡಿ ತಿಳಿಸ್ತೀನಿ ಅಂತ ಫಾದರ್ ಅಂದ್ರು. ನಾನೇ ಬೇಡ ಅಂದೆ. ಅವಳ ತಪಸ್ಸು ಕಾಲದ ಮೌನ ಕೆಡಿಸೋದು ಬೇಡ, ಹಬ್ಬ ಆದ್ಮೇಲೆ ನಾನೇ ಬರೀತೀನಿ ಅಂದೆ. ಎಂಥಾ ಭಕ್ತಿ ಅಂದ್ರು. ಭಕ್ತಿನೂ ಅಲ್ಲ, ಮಣ್ಣೂ ಅಲ್ಲ. ನಿನ್ ಮೇಲೆ ಸಿಟ್ಟಿತ್ತು. ನೀನು ಅಲ್ಲಿ ಸುಖವಾಗಿ ಮಂಡಿಯೂರಿ ಕೂತಿರು, ಒಂದಿನ ಎಲ್ಲಾ ಒಟ್ಟಿಗೆ ತಿಳೀಲಿ ಅನ್ನೋಷ್ಟು ಸಿಟ್ಟು.

ಅವತ್ತು ಪರಮ ಪ್ರಸಾದ ಪೀಠದ ಮೇಲಿಟ್ಟು ಫಾದರ್ ದೊಡ್ಡಬಳ್ಳಾಪುರಕ್ಕೆ ಒಬ್ಬ ರೋಗಿನ ನೋಡಕ್ಕೆ ಹೋಗಿದ್ರು. ನನ್ ಗಂಟೆ ಮುಗೀತು. ಅಂತೋಣಪ್ಪ ಬರ್ಲಿಲ್ಲ. ಫ್ಯಾಕ್ಟರಿಯಲ್ಲಿ ಓಟಿ ಅಂತ ನಿಲ್ಲಿಸ್ಕೊಂಡಿದ್ರಂತೆ. ಒಳಗೆ ನಾನೊಬ್ಳೇ. ಕಾದೆ. ಬಿಸಿಲು ಕಿಟಕಿಯಿಂದ ಇಳಿದು ಬೆಂಚಿನ ಕಾಲ ಹತ್ರ ಬಂತು.

ಆಗ ಬಾಗಿಲಲ್ಲಿ ಮುನಿಗಂಗಮ್ಮ ಕೆಮ್ಮಿದ್ಲು.

ಅವಳ ಕೆಮ್ಮು ನಂಗೆ ಗೊತ್ತಿಲ್ವಾ? ಯಾಕೆ ಬಂದಿದಾಳೆ ಅಂತಾನೂ ಗೊತ್ತಿತ್ತು. ಡೇರಿ ಹೊತ್ತಾಗಿತ್ತು. ಅವಳು ಇಲ್ಲಿದ್ರೆ ಮಗು ಹತ್ರ ಯಾರೂ ಇಲ್ಲ ಅಂತ ಅರ್ಥ. ಇದೆಲ್ಲಾ ತಲೆಗೆ ಬಂತು ಪಿಲೋಮಿ, ಬರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಅದ್ರ ಹಿಂದೇನೇ ನಿನ್ ಮಾತೂ ಬಂತು. ಮನೆಯವರ ದನಿಯಲ್ಲೇ ಕರೀತಾನೆ, ತಿರುಗಬೇಡಿ. ನಾನು ತಿರುಗ್ಲಿಲ್ಲ. ಜಪಸರ ಮುಂದಕ್ಕೆ ಹೇಳ್ದೆ. ಒಳಗೊಳಗೇ ಹೆಮ್ಮೆನೂ ಆಯ್ತು, ನೋಡು ಸ್ವಾಮಿ, ಈ ಸಲ ಏಳ್ಲಿಲ್ಲ ಅಂತ.

ಅವಳು ಮತ್ತೆ ಕೆಮ್ಮಲಿಲ್ಲ. ಪೂಜೆ ಮಧ್ಯೆ ಎಬ್ಬಿಸಬಾರದು ಅಂತ ನಾನೇ ಕಲಿಸಿದ್ನಲ್ಲ. ಮಂಗಳಾರತಿ ಆಗ್ಲಿ ಅಂತ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ್ಕೊಂಡ್ಲು. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಕೂತೇ ಇದ್ಲು.

ಅಂತೋಣಪ್ಪ ಬೆವರು ಸುರಿಸ್ಕೊಂಡು ಬಂದು ಮಂಡಿಯೂರಿದ. ನಾನು ಶಿಲುಬೆ ಗುರುತು ಹಾಕ್ಕೊಂಡು ಎದ್ದು ಆಚೆ ಬಂದೆ. ಮುನಿಗಂಗಮ್ಮ ಹಾಲಿನ ಕ್ಯಾನು ಪಕ್ಕ ಇಟ್ಕೊಂಡು ಕೂತಿದ್ಲು. "ಪೂಜೆ ಆಯ್ತಾ ಬೆರ್ನಮ್ಮ?" ಅಂದ್ಲು. ಆಯ್ತು ಅಂದೆ. ಮಗು ಜಗಲಿ ಮೇಲೆ ಓದ್ಕೊಂಡು ಕೂತಿದೆ, ಅಲ್ಲಿಂದ ಏಳ್ಬೇಡ ಅಂತ ಹೇಳಿ ಬಂದಿದೀನಿ ಅಂದ್ಲು. ಇಬ್ರೂ ಮಾತಾಡ್ಕೊಂಡು ನಡೆದ್ವಿ. ಓಡ್ಲಿಲ್ಲ ಕಣೇ. ದಾರಿಯಲ್ಲಿ ಅವಳ ಸೊಸೆ ಸೀಮಂತದ ಸೀರೆ ಬಗ್ಗೆ ಮಾತಾಡಿದ್ವಿ.

ಜಗಲಿ ಮೇಲೆ ಪುಸ್ತಕ ಇತ್ತು. ಪಕ್ಕದಲ್ಲಿ ಹಸು ನೀರಿಗೆ ಕೂಗಿತ್ತೋ ಏನೋ, ಮುನಿಗಂಗಮ್ಮಜ್ಜಿ ಬರೋದು ತಡ ಆಯ್ತು ಅಂತ ಅದಕ್ಕೆ ನೀರು ಬಿಡಕ್ಕೆ ಹೋಗಿದಾಳೆ. ಕಲ್ಲಿನ ತೊಟ್ಟಿ. ಅದು ಮಂಡಿ ಎತ್ತರಕ್ಕೂ ಇಲ್ಲ. ಅದ್ರೊಳಗೆ ಮುಖ ಇತ್ತು. ನಲ್ಲಿ ಇನ್ನೂ ಸುರೀತಿತ್ತು. ಹಾಡು ನಿಂತ್ರೆ ಬಾ ಅಂದಿದ್ಲು ಅವಳು. ನಾನು ಕೇಳೋ ಜಾಗದಲ್ಲೇ ಇರ್ಲಿಲ್ಲ.

ಆಮೇಲಿಂದು ಕೇಳು. ಮಣ್ಣು ಮಾಡಿದ ಮೇಲಿನ ಭಾನುವಾರ ಫಾದರ್ ಪ್ರಸಂಗದಲ್ಲಿ, ಕೊನೇವರೆಗೂ ಪ್ರಭುವನ್ನ ಬಿಟ್ಟು ಏಳದ ತಾಯಿ ಅಂದ್ರು. ಹೆಸರು ಹೇಳ್ಲಿಲ್ಲ, ಹೇಳೋದೇನಿದೆ, ಎಲ್ರೂ ನನ್ ಕಡೆ ತಿರುಗಿದ್ರು. ಒಳ್ಳೇ ಮನಸ್ಸಿಂದಾನೇ ಅಂದಿದ್ದು ಅವರು, ಹೇಳ್ತಾ ಹೇಳ್ತಾ ಅತ್ರು. ಈಗ ಗುರುವಾರ ಚರ್ಚು ತುಂಬುತ್ತೆ. ಗಂಟೆ ಸಿಗಲ್ಲ ಅಂತ ಜನ ಜಗಳ ಆಡ್ತಾರೆ. ಹೆಂಗಸರು ನನ್ ಕೈ ಮುಟ್ಟಿ ಕಣ್ಣಿಗೆ ಒತ್ಕೋತಾರೆ. ನೀನು ನಿನ್ ಜಾಗ ಖಾಲಿ ಬಿಡಬೇಡ ಅಂದ್ಯಲ್ಲ, ಅದು ಖಾಲಿ ಇಲ್ಲ.

ಮುನಿಗಂಗಮ್ಮನ್ನ ಮಾತ್ರ ಯಾರೂ ಮಾತಾಡ್ಸಲ್ಲ. ಮಗೂನ ಒಂಟಿ ಬಿಟ್ಟು ಹೋದೋಳು ಅಂತ ಬೀದಿಯೆಲ್ಲಾ ಅಂದ್ರು. ಅವಳ ಮಗ ಮುರಳಿ ಹಸು ಮಾರ್ಬಿಟ್ಟ. ಇವರು ಅವಳ ಮುಖ ಕಂಡ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ಅವಳು ನನ್ ಕಾಲು ಹಿಡ್ಕೊಂಡು, ನಾನು ಕೂಗಬೇಕಿತ್ತು ಕಣವ್ವ, ಗಂಟ್ಲು ಹರ್ಕೊಂಡು ಕೂಗಬೇಕಿತ್ತು ಅಂತ ಅತ್ತಾಗ, ನಾನು ಸುಮ್ನೆ ಅವಳ ತಲೆ ಸವರಿದೆ. ನಂಗೆ ಕೇಳಿಸ್ತು ಅಂತ ಹೇಳ್ಲಿಲ್ಲ. ಇವರಿಗೂ ಹೇಳಿಲ್ಲ, ಫಾದರ್‌ಗೂ ಹೇಳಿಲ್ಲ. ಪಾಪನಿವೇದನೆಗೂ ಹೋಗಿಲ್ಲ. ನಿನಗೊಬ್ಬಳಿಗೇ ಬರೀತಿರೋದು.

ಹೇಳಿದ್ರೆ ಅವಳು ಬದುಕ್ಕೋತಾಳೆ. ನಂಗೆ ಗಂಡ ಉಳಿಯಲ್ಲ. ಈಗ ಹೇಳು, ನಿಂಗೆ ಎಲ್ಲಾ ಗೊತ್ತಲ್ಲ. ಹೇಳಬೇಕಾ ಬೇಡ್ವಾ?

ಬೆರ್ನದಮ್ಮ


ಆರಾಧನಾ ಮಠ
3 ಜೂನ್ 2024

ಅಕ್ಕ,

ನಿನ್ನೆ ಪರಮ ಪ್ರಸಾದದ ಹಬ್ಬ. ಎಲ್ಲರೂ ಹೂವು ಕಟ್ಟುತ್ತಿದ್ದಾಗ ಅಮ್ಮನವರು ನಿನ್ನ ಕಾಗದ ಕೊಟ್ಟರು. ಕೀರ್ತನ ಬರ್ದಿರ್ತಾಳೆ ಅಂತ ಹೂವಿನ ಬುಟ್ಟಿ ಪಕ್ಕಾನೇ ಕೂತು ಬಿಚ್ಚಿದೆ.

ನಾನು ಏನು ಬರೀಲಿ ಅಕ್ಕ. ಬರೆದು ಬರೆದು ಹರಿದೆ. ದೇವರ ಚಿತ್ತ ಅಂತ ಒಂದ್ಸಲ ಬರೆದು ನಂಗೇ ಅಸಹ್ಯ ಆಯ್ತು.

ಒಂದು ವಿಷಯ ನಿಂಗೆ ಗೊತ್ತಿರಬೇಕು. ಇಲ್ಲಿ ನಾನು ಕೂರೋ ಜಾಗದಲ್ಲಿ ಪಕ್ಕದಲ್ಲೇ ಒಂದು ಚಿಕ್ಕ ಗಂಟೆ ಇದೆ. ತಲೆ ಸುತ್ತಿದ್ರೆ, ಕೆಮ್ಮು ಬಂದ್ರೆ, ಏನೇ ಆದ್ರೂ ಅದನ್ನ ಅಲ್ಲಾಡಿಸಿದ್ರೆ ಸಾಕು, ಪಕ್ಕದ ಕೋಣೆಯಿಂದ ಇನ್ನೊಬ್ಬ ಸಿಸ್ಟರ್ ಬಂದು ಕೂರ್ತಾರೆ. ಅದಕ್ಕೆ ಯಾರೂ ಏನೂ ಅನ್ನಲ್ಲ. ನನ್ನನ್ನ ಇಷ್ಟು ವರ್ಷದಲ್ಲಿ ಬಾಗಿಲಿಗೆ ಬಂದು ಯಾರೂ ಕರೆದಿಲ್ಲ, ಕರೆಯೋಕೆ ನಂಗೆ ಯಾರಿದಾರೆ. ನಿಂಗೆ ಬರೆಯುವಾಗ ಆ ಗಂಟೆ ನೆನಪಿಗೇ ಬರಲಿಲ್ಲ. ದೊಡ್ಡ ಮಾತು ಬರೀತಾ ಇದ್ದೆ.

ಆ ಗುರುವಾರದ್ದನ್ನ ಶಾಂತಿ ಅಂತ ಬರೆದ ಕೈ ಇದೇ.

ಮುನಿಗಂಗಮ್ಮನಿಗೆ ಹೇಳು ಅಂತಾನೂ ನಾನು ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ನಿಂಗೆ ನಾನು ಒಂದ್ಸಲ ಹೇಳಿಕೊಟ್ಟಿದ್ದು ಸಾಕು.

ಆ ಉತ್ತರೀಯ ಒಲೆಗೆ ಹಾಕಿದ್ರೂ ನಾನು ಬೇಜಾರು ಮಾಡ್ಕೊಳಲ್ಲ.

ಪಿಲೋಮಿ


ಮಧುರೆ ಹೋಬಳಿ
12 ಜುಲೈ 2024

ಪಿಲೋಮಿ,

ಉತ್ತರೀಯ ಒಲೆಗೆ ಹಾಕಿಲ್ಲ. ಅವಳ ಶಿಲುಬೆಗೆ ಸುತ್ತಿದೀನಿ, ದಾರ ಉದ್ದ ಇದ್ದಿದ್ದು ಅಲ್ಲಿಗೆ ಸರಿ ಹೋಯ್ತು.

ನಿನ್ ಕಾಗದ ಬಂದಾಗಿಂದ ಬರೀಬೇಕು ಅಂತಿದ್ದೆ, ಬರೆಯೋ ವಿಷಯ ಆಗ್ಲಿ ಅಂತ ಕಾದೆ. ನಿನ್ನೆ ಆಯ್ತು.

ಗುರುವಾರ ನಾನು ಚರ್ಚಿಗೆ ಹೋಗದೇ ಇರಕ್ಕೂ ಆಗ್ತಿಲ್ಲ, ಒಳಗೆ ಹೋಗಕ್ಕೂ ಆಗ್ತಿಲ್ಲ. ಮೆಟ್ಟಿಲ ಮೇಲೆ ಕೂತ್ಕೋತೀನಿ, ಮುನಿಗಂಗಮ್ಮ ಅವತ್ತು ಕೂತಿದ್ದ ಕಡೇನೇ. ಕೆಲವು ವಾರದಿಂದ ಅವಳೂ ಬಂದು ಪಕ್ಕದಲ್ಲಿ ಕೂರ್ತಾಳೆ. ಹಸು ಇಲ್ವಲ್ಲ, ಸಾಯಂಕಾಲ ಅವಳಿಗೆ ಕೆಲಸ ಇಲ್ಲ. ಇಬ್ರೂ ಒಳಗೆ ಜನ ಹಾಡೋದು ಕೇಳ್ತಾ ಕೂತಿರ್ತೀವಿ.

ನಿನ್ನೆ ಯಾವುದೋ ಹೊಸ ಹುಡುಗಿ, ಬಾಡಿಗೆ ಮನೆಯೋಳು, ಕೂಸನ್ನ ಅತ್ತೆ ಕೈಗೆ ಕೊಟ್ಟು ಒಳಗೆ ಕೂತಿದ್ಲು. ಕೂಸು ಬಾಗಿಲಲ್ಲಿ ಚೀರಕ್ಕೆ ಶುರು ಮಾಡ್ತು. ಅತ್ತೆ ಒಳಗೆ ಇಣುಕ್ತಾಳೆ, ಹಿಂದೆ ಸರೀತಾಳೆ. ಹುಡುಗಿ ಬೆನ್ನು ನೋಡ್ದೆ, ಕಲ್ಲಂಗೆ ಬಿಗಿಯಾಗಿತ್ತು. ನಂಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ. ಎದ್ದು ಸೀದಾ ಒಳಗೆ ಹೋದೆ. ಅಷ್ಟು ತಿಂಗಳಾದ್ಮೇಲೆ ಒಳಗೆ ಕಾಲಿಟ್ಟಿದ್ದು. ಹುಡುಗಿ ಭುಜ ಹಿಡಿದು ಅಲ್ಲಾಡಿಸ್ದೆ. "ಏಳು. ಕೂಸು ಅಳ್ತಿದೆ, ನಿಂಗೆ ಕೇಳಿಸ್ತಿದೆ, ಏಳು" ಅಂದೆ. ಎಲ್ರೂ ತಿರುಗಿ ನೋಡಿದ್ರು. ಫಾದರ್ ಎದ್ದು ನಿಂತ್ರು. ಪ್ರಸಂಗದಲ್ಲಿ ಅವರು ಹೊಗಳಿದ ತಾಯಿ ಇವಳೇನಾ ಅನ್ನೋ ಹಂಗೆ ನೋಡಿದ್ರು. ನಾನು ಪೀಠದ ಕಡೆ ನೋಡ್ಲಿಲ್ಲ. ಆ ಹುಡುಗಿ ಜಾಗದಲ್ಲಿ ನೀವೇ ಕೂತ್ಕೊಳಿ ಫಾದರ್ ಅಂತಂದು ಅವಳ ಕೈ ಹಿಡ್ಕೊಂಡು ಆಚೆ ಬಂದೆ.

ಮೆಟ್ಟಿಲ ಹತ್ರ ಬಂದ್ರೆ ಮುನಿಗಂಗಮ್ಮ ಸೆರಗು ಬಾಯಿಗೆ ತುರುಕ್ಕೊಂಡು ಅಳ್ತಿದಾಳೆ. ನಾನೂ ಹಿಂಗೇ ಮಾಡ್ಬೇಕಿತ್ತು, ಒಳಗೆ ಬಂದು ನಿನ್ನ ಮುಟ್ಟಿ ಎಬ್ಬಿಸ್ಬೇಕಿತ್ತು, ಮುಟ್ಟಬಾರ್ದು ಅನ್ಕೊಂಡೆ ಅಂದ್ಲು. ಅಲ್ಲಿಗೆ ನನ್ ಗಟ್ಟಿತನ ಮುಗೀತು. ಹೇಳ್ಬಿಟ್ಟೆ. ನಿನ್ ಕೆಮ್ಮು ನಂಗೆ ಕೇಳಿಸ್ತು ಮುನಿಗಂಗಮ್ಮ, ನೀನೇ ಅಂತ ಗೊತ್ತಿತ್ತು, ಮಗು ಒಂಟಿ ಇದೆ ಅಂತಾನೂ ಗೊತ್ತಿತ್ತು, ಬೇಕು ಅಂತಲೇ ತಿರುಗ್ಲಿಲ್ಲ ಅಂದೆ.

ಅವಳು ಹೊಡೀತಾಳೆ ಅನ್ಕೊಂಡೆ. ಉಗೀಲಿ ಅಂತಾನೂ ಅನ್ನಿಸ್ತು. ಅವಳು ನನ್ ಮುಖಾನೇ ನೋಡ್ಲಿಲ್ಲ. ಚಪ್ಪಲಿ ನೋಡ್ತಾ, "ನಂಗೊತ್ತಿತ್ತು ಬೆರ್ನಮ್ಮ" ಅಂದ್ಲು. "ನಾನು ಕೆಮ್ಮಿದಾಗ ನಿನ್ ಕೈಲಿದ್ದ ಸರ ನಿಂತೋಯ್ತು. ಆಮೇಲೆ ಮತ್ತೆ ಓಡ್ತು."

ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ ಅಂದೆ. ಬೀದಿಯೋರು ಅಂದಾಗ, ಮಗ ಬೈದಾಗ, ಹಸು ಹೊಡ್ಕೊಂಡು ಹೋದಾಗ ಒಂದು ಮಾತು ಅನ್ಬೇಕಿತ್ತಲ್ಲ ಅಂದೆ. ಮಗಳನ್ನ ಕಳ್ಕೊಂಡೋಳ ತಲೆ ಮೇಲೆ ಅದನ್ನೂ ಹೊರಿಸೋದಾ, ನಂಗೇನು ಹೊತ್ಕೊಳಕ್ಕೆ ಆಗಲ್ವಾ ಅಂದ್ಲು. ಅಷ್ಟು ತಿಂಗಳು ನಾನು ಅವಳ ತಲೆ ಸವರ್ತಿದ್ದೆ ಪಿಲೋಮಿ. ಅವಳು ಸವರಿಸ್ಕೊಂಡು ಕೂತಿದ್ಲು.

ಒಳಗೆ ಆಶೀರ್ವಾದದ ಗಂಟೆ ಹೊಡೆದ್ರು. ಪೂಜೆ ಆಯ್ತಾ ಅಂದ್ಲು. ಆಯ್ತು ಅಂದೆ. ಇಬ್ರೂ ಒಟ್ಟಿಗೆ ಎದ್ದು ಮನೆ ಕಡೆ ನಡೆದ್ವಿ.

ಇನ್ನು ಇವರಿಗೆ ಹೇಳೋದು ಉಳಿದಿದೆ. ನಿನ್ನೆ ರಾತ್ರಿ ಡ್ಯೂಟಿ ಇತ್ತು, ಬೆಳಗ್ಗೆ ಬಂದವರು ಮಲಗಿದಾರೆ. ಏಳ್ತಿದ್ದಂಗೆ ಹೇಳ್ಬೇಡ, ಊಟ ಆಗ್ಲಿ ಅಂತ ಮುನಿಗಂಗಮ್ಮ ಅಂತಾಳೆ. ಅವಳೂ ಬಂದು ಹೊಸ್ತಿಲಾಚೆ ನಿಂತಿದಾಳೆ. ಒಳಗೆ ಬಾ ಅಂದ್ರೂ ಬರ್ತಿಲ್ಲ. ಒಳಗೆ ಮಂಚ ಕಿರುಗುಟ್ತು, ಎದ್ರು ಅಂತ ಕಾಣುತ್ತೆ. ಇಲ್ಲಿಗೆ ನಿಲ್ಲಿಸ್ತೀನಿ.

ಬೆರ್ನದಮ್ಮ